ಊಟದ ಮೇಜಿನ ಕೆಳಗಿನ ನಾವೆ

ಅಕ್ಕಾ,

ಬೈಬಲಿನ ನೋಹನಿಗೆ ವರ್ಷಗಟ್ಟಲೆ ಹಿಡಿದ ಕೆಲಸವನ್ನು ನಾನು ಇವತ್ತು ಊಟಕ್ಕೂ ಚಹಾಕ್ಕೂ ನಡುವೆ ಒಬ್ಬನೇ ಮುಗಿಸಿದ್ದೇನೆ. ನಾವೆ ಊಟದ ಮೇಜಿನ ಕೆಳಗಿದೆ. ನೋಡಿದ್ದರೆ ಅವನೇ ನಾಚಿಕೊಳ್ಳುತ್ತಿದ್ದ.

"ಮಕ್ಕಳನ್ನ ಇವತ್ತೂ ಟಿ.ವಿ. ಮುಂದೆ ಕೂರಿಸಿದ್ರೆ, ಇನ್ನು ಶನಿವಾರ ಈ ಕಡೆ ತಲೆ ಹಾಕ್ಬೇಡ" ಅಂದೆಯಲ್ಲ? ಟಿ.ವಿ. ಮುಟ್ಟಿ ನೋಡು, ತಣ್ಣಗಿದೆ.

ನಾವೆಯ ಗೋಡೆಗಳು ನಿನ್ನ ಹೊಸ ಬೆಡ್‌ಶೀಟುಗಳು. ಎಷ್ಟು ಬೇಕಾದರೂ ಬೈಕೋ, ಬಿಚ್ಚಕೂಡದು. ಒಳಗೆ ಪ್ರಾಣಿಗಳೆಲ್ಲ ಜೋಡಿ ಜೋಡಿ. ಬುಟ್ಟಿಯ ಆಲೂಗಡ್ಡೆಗಳು ಈಗ ಆನೆಗಳು, ಬೇಯಿಸಬೇಡ. ನೀನು ಚರ್ಚಿಗೆ ಹಾಕುವ ಚಪ್ಪಲಿಗಳು ಮೊಸಳೆಗಳು. ನಾಳೆ ಬೇಕಿದ್ದರೆ ಚಿಕ್ಕವನನ್ನು ಕೇಳಿ ತಗೋ, ಕಾವಲು ಅವನದೇ. ನಡುಮನೆ ಒದ್ದೆಯಾಗಿದ್ದರೆ ಅದು ಜಲಪ್ರಳಯ. ಜಾರೀಯೆ, ಜೋಕೆ.

ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೊರಟಿದ್ದೇನೆ.

ಹೊರಟಿದ್ದೆ. ಆದರೆ ನಿನ್ನ ಮಗಳು ನನ್ನ ಹೆಗಲ ಮೇಲಿಂದ ಇಷ್ಟನ್ನೂ ಓದಿ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. "ಮಾಮ, ನಿಜ ಬರಿ. ಆಮೇಲೆ ಪಾರ್ಕು." ಥೇಟ್ ನೀನೇ.

ನಿಜ ಹೀಗಿದೆ. ಉಂಡ ಕೈ ಆರುವ ಮೊದಲೇ ಟಿ.ವಿ. ಹಾಕಲು ಹೋದವನು ನಾನು. ಇವಳು ರಿಮೋಟ್ ಕಿತ್ತುಕೊಂಡು, "ಅಮ್ಮ ಬೇಡ ಅಂದಿದ್ದಾರೆ, ನೋಹನ ಆಟ ಆಡೋಣ" ಅಂದಳು. ನಾನು ಸೋಫಾದಲ್ಲಿ ಗೊರಕೆ ಹೊಡೆದೆ. ನಾವೆ ಕಟ್ಟಿದವರು ಅವರಿಬ್ಬರೇ. ಜಲಪ್ರಳಯ ಆದದ್ದು ನನ್ನ ಮುಖದ ಮೇಲೆ. ನನ್ನ ಪಾಲಿನ ಕೆಲಸ ನೆಲ ಒರೆಸಿದ್ದು, ಅದೂ ಅರ್ಧ.

ಆದರೂ ಮುಂದಿನ ಶನಿವಾರ ಬಂದೇ ಬರುತ್ತೇನೆ. ನಾವೆಯಲ್ಲಿ ನನಗೂ ಜಾಗ ಕೊಟ್ಟಿದ್ದಾರೆ. ಜೋಡಿಯಿಲ್ಲದ ಕತ್ತೆ ನಾನೊಬ್ಬನೇ ಅಂತೆ.