ಗೋಡೆಯ ಬಿಸಿ

ಹಟಮಾರಿಯೇ,

ಇವತ್ತು ನಿರ್ವಾತದ ಚೇಂಬರಿನ ಗೋಡೆಯನ್ನು ಬೇಕೆಂದೇ ಬಿಸಿ ಮಾಡಿ ಅಳೆದೆ. ಒಳಗಿನ ಪರಮಾಣುಗಳನ್ನು ಏನೂ ಮುಟ್ಟುವುದಿಲ್ಲ. ಆದರೂ ಗೋಡೆ ಸೂಸುವ ಶಾಖಕ್ಕೇ ಅವುಗಳ ಶಕ್ತಿಮಟ್ಟ ತುಸು ಜರುಗಿತು, ಹನ್ನೊಂದು ವರ್ಷದ ಹಿಂದೆ ನೀನು ಅಳೆದು ಬರೆದಿಟ್ಟಷ್ಟೇ.

ಆಗ ನಾನು ಫ್ಯಾನಿನ ಗಾಳಿ ತಾಗುವ ಹೊರಮೈಗೆ ಥರ್ಮಾಮೀಟರ್ ಅಂಟಿಸಿ, "ಗೋಡೆ ತಣ್ಣಗಿದೆ ಕಣೇ, ನಿನ್ನ ಅಳತೆಯೇ ತಪ್ಪು" ಎಂದು ಎಲ್ಲರೆದುರು ಅಂದಿದ್ದೆ. "ಒಳಗಿಟ್ಟು ನೋಡೇ ಮಹಾತಾಯಿ" ಎಂದು ನೀನು ನಕ್ಕಿದ್ದೆ. ನಾನು ನೋಡಲಿಲ್ಲ. ಆ ತಿಂಗಳೇ ನೀನು ಲ್ಯಾಬ್ ಬಿಟ್ಟೆ.

ಪ್ರಬಂಧದಲ್ಲಿ ನಿನ್ನ ಹೆಸರನ್ನೇ ಮೊದಲು ಹಾಕಿದ್ದೇನೆ. ನೀನು ತೀರಿಹೋಗಿ ವರ್ಷವಾಯಿತಲ್ಲ, ಒಪ್ಪಿಗೆಯ ಸಹಿಯನ್ನು ನಿನ್ನ ಅಮ್ಮನಿಂದ ಪಡೆಯಬೇಕಂತೆ. ಮೂರು ಸಲ ಫೋನ್ ಎತ್ತಿ ಇಟ್ಟೆ. "ನಿಮ್ಮ ಮಗಳು ಅಳೆದದ್ದು ಸರಿಯಾಗಿತ್ತಮ್ಮ" ಅಂದರೆ, ತಪ್ಪು ಅಂದವರು ಯಾರು ಎಂದು ಅವರು ಕೇಳದೆ ಬಿಡುತ್ತಾರೆಯೇ?