ಮೊದಲ ಸಾಲಿನ ಕುರ್ಚಿ

ಕಮಲಾಪುರ,
೧೦ ನವೆಂಬರ್ ೨೦೨೫

ನನ್ನ ನಾಟಕಗಳ ಮೊದಲ ಸಾಲಿನ ಒಡತಿ, ಮಗಳು ರಾಜೇಶ್ರೀಗೆ ಅವ್ವ ಮಲ್ಕಮ್ಮ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ನೀನು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಮುಗಿಯುವ ತನಕ ಕೂತು ಓದಬೇಕು, ರಾಣಿಯ ಅಪ್ಪಣೆ!

ನೀನು ಕೆಲಸ ಮಾಡುವ ನಂದೂರಿನ ದಾಲ್ ಮಿಲ್ಲಿನಲ್ಲಿ ಮತ್ತೆ ಫಿಟ್ಸ್ ಬಂದದ್ದಕ್ಕೆ, "ಈ ಡಬ್ಬಿ ಏನೂ ಉಪೇಗಿಲ್ಲ ಅವ್ವಾ, ಶುಕ್ರವಾರ ಡಾಕ್ಟರಿಗೆ ಹೇಳಿ ಬಂದ್ ಮಾಡಸ್ತೀನಿ" ಅಂದೆಯಲ್ಲ! ಫಿಟ್ಸ್ ತಡೆಯಲೆಂದು ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಡಬ್ಬಿ, ಅಲ್ಲಿಂದ ಮೆದುಳಿನ ಆಳಕ್ಕೆ ತಂತಿ. ಹೈದರಾಬಾದಿನಲ್ಲಿ ಅಂಥ ಆಪರೇಷನ್ ತಡೆದುಕೊಂಡವಳು ಈಗ ಕೈಚೆಲ್ಲುವುದೇ?

ಅದಕ್ಕೂ ಮುಂಚೆ ಕಲಬುರಗಿಯ ದವಾಖಾನೆಯಲ್ಲಿ ಇಇಜಿ ತೆಗೆದದ್ದು ನೆನಪಿದೆಯೇ? ನಿನ್ನ ತಲೆಯ ತುಂಬ ತಂತಿ, ಪರದೆಯ ಮೇಲೆ ಮೆದುಳಿನ ವಿದ್ಯುತ್ತಿನ ಗೆರೆಗಳು. ನಾನು ಎಂದಿನಂತೆ ಪಿಸುಗುಟ್ಟುತ್ತಿದ್ದೆ. ನಿನಗೆ ಮೊಟ್ಟಮೊದಲು ಫಿಟ್ಸ್ ಬಂದದ್ದು ನನ್ನ ನಾಟಕದಲ್ಲಿ, ನಾನು ರಾಣಿಯಾಗಿ ಗುಡುಗಿದ ಗಳಿಗೆಯಲ್ಲಿ. ಅಂದಿನಿಂದ ಬಣ್ಣ ಹಚ್ಚಲಿಲ್ಲ, ಮನೆಯಲ್ಲೂ ದನಿ ಎತ್ತಲಿಲ್ಲ.

ಇಇಜಿ ತೆಗೆಯುವ ಸಾಯಿಕುಮಾರ ಕೇಳಿದ: "ಯಾಕ್ರಿ ಅಮ್ಮ, ಗಂಟಲು ಕೆಟ್ಟದೇನ್ರಿ?"

ನೀನು ಮಲಗಿದಲ್ಲಿಂದಲೇ, "ನಮ್ಮವ್ವ ಒದರಿದ್ರ ನನಗ ಫಿಟ್ಸ್ ಬರ್ತದಂತ ತಿಳದಾಳ್ರಿ" ಎಂದೆ.

"ಹಂಗಾದ್ರ ಒಮ್ಮಿ ಒದರೇ ಬಿಡ್ರಿ, ನೋಡೂಣು!"

ಒದರಿದೆ! ಸೆರಗು ಸೊಂಟಕ್ಕೆ ಬಿಗಿದು, "ಯಾರಲ್ಲಿ!" ಎಂದು ಗರ್ಜಿಸಿದೆ! ಹೊರಗಿನಿಂದ ನರ್ಸ್ ಓಡಿ ಬಂದಳು. ನಿನಗೆ ಫಿಟ್ಸೂ ಇಲ್ಲ, ಏನೂ ಇಲ್ಲ, ನೀನು ನಗುತ್ತ ಮಲಗಿದ್ದೆ. "ನರ್ಸ್ ಹೆದರ್ಯಾಳ್ರಿ, ಮಗಳ ಮೆದುಳು ಹೆದರಿಲ್ಲ" ಎಂದ ಸಾಯಿಕುಮಾರ. ಸದ್ದಿಗೂ ನಿನ್ನ ಫಿಟ್ಸಿಗೂ ಸಂಬಂಧವಿಲ್ಲವೆಂದು ಆಮೇಲೆ ಡಾಕ್ಟರೂ ಹೇಳಿದರು.

ನನಗೆ ತಿಳಿದದ್ದು ಇಷ್ಟು: ಸರದಿಯಂತೆ ಮಾತಾಡಬೇಕಾದ ಪಾತ್ರಧಾರಿಗಳೆಲ್ಲ ಒಮ್ಮೆಲೇ ಒದರಿದಂತೆ ನಿನ್ನ ಮೆದುಳಿನಲ್ಲಿ ವಿದ್ಯುತ್ತು ಏಳುತ್ತದೆ. ಡಬ್ಬಿಯ ಸಣ್ಣ ಕರೆಂಟು ಅವರನ್ನು ಹತೋಟಿಗೆ ತರಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು, ಪೂರಾ ನಿಲ್ಲುವ ಭರವಸೆಯೂ ಇಲ್ಲ ಎಂದು ಡಾಕ್ಟರ್ ಮುಂಚೆಯೇ ಹೇಳಿದ್ದರಲ್ಲವೇ? ಹಾರ್ಮೋನಿಯಂ ನುಡಿಸುವ ಹೊಸ ಪೇಟಿ ಮಾಸ್ತರನಿಗೆ ನನ್ನ ಶ್ರುತಿ ಹಿಡಿಯಲು ಎಷ್ಟು ತಾಲೀಮು ಬೇಕಾಗುತ್ತಿತ್ತು! ಮೊದಲ ಅಪಸ್ವರಕ್ಕೇ ಅವನನ್ನು ಕಂಪನಿಯಿಂದ ಓಡಿಸಿದೆವೇನು?

ಮೊದಲೆಲ್ಲ ಬಿದ್ದು ಎದ್ದರೆ ಸಂಜೆಯ ತನಕ ನಿನಗೆ ನನ್ನ ಗುರುತೂ ಸಿಗುತ್ತಿರಲಿಲ್ಲ. ಈ ಸಲ? ನಿನ್ನ ಜೊತೆ ಕೆಲಸ ಮಾಡುವ ಶೀಲಾ ಹೇಳಿದಳು: "ಸ್ವಲ್ಪ ಹೊತ್ತಿಗೇ ಎದ್ದು, ನನ್ನ ಚಾ ಯಾಕ ಆರಸೀರಿ ಅಂತ ಜಗಳಾ ತೆಗದಾಳ್ರಿ!" ಆ ಜಗಳ ನನಗೆ ತುಂಬಿದ ಪ್ರೇಕ್ಷಕರ ಚಪ್ಪಾಳೆ. ಬಂದ್ ಮಾಡಿಸಬೇಡ, ನನ್ನವ್ವಾ. ಕರೆಂಟು ಹೆಚ್ಚೋ ಕಡಿಮೆಯೋ, ಶುಕ್ರವಾರ ಡಾಕ್ಟರ್ ಹೊಂದಿಸಲಿ. ಗುಳಿಗೆಯನ್ನೂ ಬಿಡಬೇಡ.

ನಿನ್ನ ದೊಡ್ಡ ಗಂಟಲಿನ ಅವ್ವ,
ಮಲ್ಕಮ್ಮ

ತಾ.ಕ.: ಮೈ ಸರಿಯಿಲ್ಲ, ಮನೆಯಲ್ಲೇ ಮಲಗಿರುತ್ತೇನೆ ಎಂದು ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳು. ನಾಟಕದ ತಾಲೀಮಿಗೆ ಹೋಗುತ್ತಿದ್ದೇನೆ. ಬರುವ ರವಿವಾರ ಇಲ್ಲೇ ಕಮಲಾಪುರದಲ್ಲಿ ಮತ್ತೆ ಅದೇ ರಾಣಿ. ಮೊದಲ ಸಾಲಿನಲ್ಲಿ ನಿನ್ನ ಕುರ್ಚಿ. ದೊಡ್ಡ ಸ್ಪೀಕರಿನ ಅಯಸ್ಕಾಂತ ಡಬ್ಬಿಯ ಹತ್ತಿರ ಇರಬಾರದಲ್ಲ, ಅದಕ್ಕೆ ಮೈಕ್ ಜೋಡಿಸುವ ತಾರಿಖ್ ಸ್ಪೀಕರುಗಳನ್ನು ದೂರ ಇಡುತ್ತಾನಂತೆ. "ನಿಮ್ಮ ದನಿಗಿ ಸ್ಪೀಕರ್ ಯಾಕ ಬೇಕ್ರಿ ಅಮ್ಮ?" ಎಂದು ನಗುತ್ತಾನೆ. ಅಲ್ಲಿ ಫಿಟ್ಸ್ ಬಂದರೆ ಬರಲಿ. ನಾಟಕ ನಿಲ್ಲಿಸಿ ಕೆಳಗಿಳಿದು, ನಾನೇ ನಿನ್ನನ್ನು ಮಗ್ಗುಲಾಗಿ ಮಲಗಿಸುತ್ತೇನೆ. ನೀನು ಕಣ್ಣು ತೆರೆದ ಮೇಲೆ, ಬಿಟ್ಟ ಮಾತಿನಿಂದಲೇ ಮತ್ತೆ ಗುಡುಗುತ್ತೇನೆ. ಅಲ್ಲಿಯ ತನಕ ಸಿಂಹಾಸನ ಖಾಲಿ ಇರಲಿ, ಜನ ಕಾಯಲಿ!