ಪಕ್ಕದ ಕುರ್ಚಿಯ ಗಡಿಗೆ

ಅಕ್ಕಾ,
ಕಾಶಿಗೆ ಸುಖವಾಗಿ ತಲುಪಿದೆ, ಮಂಡಿನೋವೂ ಕಡಿಮೆ. ಫೋನಿನಲ್ಲಿ ಹೇಳಲು ಬಾಯಿ ಬರದೆ ಕಾರ್ಡು ಬರೆಯುತ್ತಿದ್ದೇನೆ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಹೊತ್ತು ಹೋಗದೆ ಕಂಡಕಂಡದ್ದರ ಫೋಟೋ ತೆಗೆದೆನಲ್ಲ, ಅದರಲ್ಲೊಬ್ಬ ಅಜ್ಜ ಕೆಂಪು ಬಟ್ಟೆ ಕಟ್ಟಿದ ಗಡಿಗೆಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮೇಲೆ ಕೈಯಿಟ್ಟು ಕುಳಿತಿದ್ದರು. ‘ಅಜ್ಜನ ಉಪ್ಪಿನಕಾಯಿಗೂ ಒಂದು ಸೀಟು!’ ಎಂದು ಬರೆದು ಮನೆಯ ಗ್ರೂಪಿಗೆ ಹಾಕಿದೆ. ನೀನೂ ಫೋನ್ ಮಾಡಿ ನಕ್ಕೆ.

ನನ್ನ ಕನ್ನಡ ಕೇಳಿ ಅಜ್ಜ ತಿರುಗಿದರು. ಹೊಸಪೇಟೆ ಚಿತ್ತವಾಡ್ಗಿಯವರಂತೆ.

“ಫೋಟೋ ತಗದ್ಯೇನವ್ವ? ಗಡಿಗ್ಯಾಗ ನಮ್ಮಾಕಿ ಅದಾಳ. ಗಂಗ್ಯಾಗ ಬಿಡಾಕ ಹೊಂಟೀನಿ.”

ಸತ್ತವರನ್ನು ಮಣ್ಣು ಮಾಡುವ ಮನೆಯವಳು ನಾನು, ಬೂದಿಯ ಗಡಿಗೆಯನ್ನು ಎಲ್ಲಿ ಕಂಡಿದ್ದೆ? “ತಪ್ಪಾತ್ರಿ ಅಜ್ಜಾರ, ಅಳಿಸಿಬಿಡ್ತೀನಿ” ಎಂದೆ.

“ಅಳಿಸಬ್ಯಾಡವ್ವ. ನಾವಿಬ್ರೂ ಜೋಡಿ ಇರೋ ಫೋಟೋನ ಇಲ್ಲ. ನನಗೂ ಒಂದು ಕಳಸು” ಎಂದು ನಂಬರು ಹೇಳಿದರು.

ಗಾಬರಿಯಲ್ಲಿ ಗ್ರೂಪಿನಲ್ಲಿದ್ದದ್ದನ್ನೇ ಅವರಿಗೆ ಫಾರ್ವರ್ಡ್ ಮಾಡಿದೆ. ನಾನು ಬರೆದಿದ್ದ ಸಾಲೂ ಅದರ ಜೊತೆಗೇ ಹೋಯಿತು, ಅಕ್ಕಾ. ಅಜ್ಜ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

ಗಂಗಾಂಬಿಕಾ